ಕೈಯಲ್ಲಿ ಎರಡು ಸುತ್ತು

ರಘು ಹುಣಸೂರಿನ ನನ್ನ ಗ್ಯಾರೇಜ್ ಶೆಡ್ಡಿಗೆ ಬಂದದ್ದು 2008ರ ಮಾರ್ಚ್‌ನಲ್ಲಿ, ಒಂದು ಗುರುವಾರ ಬೆಳಿಗ್ಗೆ. ಬಿಳಿ ಇಂಡಿಕಾ ಓಡಿಸಿಕೊಂಡು ಬಂದಿದ್ದ. ಪಕ್ಕದ ಸೀಟಿನಲ್ಲಿ ಅವನಪ್ಪ ಪುಟ್ಟಸ್ವಾಮಿ ಕೂತಿದ್ದರು. ಈ ಇಬ್ಬರನ್ನು ಹೇಗೆ ಹಾಳು ಮಾಡುವುದೆಂದು ಆರು ವರ್ಷದಿಂದ ಯೋಚಿಸಿದ್ದೆ. ಅವರ ಹೊಲದ ಪಂಪ್‌ಸೆಟ್ಟು ಸುಡುವುದು, ಹುಲ್ಲಿನ ಬಣವೆಗೆ ಬೆಂಕಿ ಇಡುವುದು, ಹೀಗೆ ಏನೇನೋ. ಯಾವುದನ್ನೂ ಮಾಡಿರಲಿಲ್ಲ. ಅವರೇ ಬಂದು ನನ್ನ ಬಾಗಿಲಲ್ಲಿ ಗಾಡಿ ನಿಲ್ಲಿಸುತ್ತಾರೆಂದು ಎಣಿಸಿಯೂ ಇರಲಿಲ್ಲ.

"ಏನ್ಲಾ ಮಾದೇಶ, ಬೋರ್ಡು ಗೀರ್ಡು ಬರಸ್ಕಂಡು ದೊಡ್ ಮನ್ಸ ಆಗ್ಬುಟ್ಟಿದ್ದೀಯಲ್ಲ" ಎಂದು ರಘು ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ನಾವಿಬ್ಬರೂ ಮಿರ್ಲೆಯ ಶಾಲೆಯಲ್ಲಿ ಒಂದೇ ತರಗತಿಯಲ್ಲಿದ್ದವರು. ನಡುವೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ ನನ್ನ ಭುಜ ತಟ್ಟಿದ.

ನಾನು ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಡಲಿಲ್ಲ. "ಏನು ಕೆಲಸ?" ಎಂದೆ.

"ಕೆಲ್ಸ ಏನಿಲ್ಲ ಕಣ. ಮುಚ್ಚಳದ ಮ್ಯಾಲೆ ನಿನ್ ಬರಹ ಬೇಕು, ಅಷ್ಟೇಯ."

ನನ್ನ ಬರಹದ ವಿಷಯ ಹೇಳಬೇಕು. ಡೀಸೆಲ್ ಕಾರಿನ ಇಂಜಿನ್ನಿನ ಒಂದು ಪಕ್ಕದಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಒಳಗೆ ಹಲ್ಲುಳ್ಳ ರಬ್ಬರ್ ಬೆಲ್ಟ್ ಇರುತ್ತದೆ. ಅದಕ್ಕೆ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಕೆಳಗೆ ಪಿಸ್ಟನ್ನು ಏರಿಳಿಯುವುದಕ್ಕೂ ಮೇಲೆ ವಾಲ್ವುಗಳು ತೆರೆದು ಮುಚ್ಚುವುದಕ್ಕೂ ಹೊತ್ತು ಹೊಂದಿಸುವುದು ಅದೇ. ಹರಿದರೆ ಪಿಸ್ಟನ್ನು ಮೇಲೆ ಬಂದು, ತೆರೆದು ನಿಂತ ವಾಲ್ವಿಗೆ ಗುದ್ದುತ್ತದೆ. ವಾಲ್ವು ಬಾಗುತ್ತದೆ, ಇಂಜಿನ್ನಿನ ಕತೆ ಮುಗಿಯುತ್ತದೆ. ಹರಿಯುವ ಮುಂಚೆ ಸದ್ದು ಮಾಡುವುದಿಲ್ಲ, ವಾಸನೆ ಬರುವುದಿಲ್ಲ. ಬಿಚ್ಚಿ ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಹಳೇ ಕಾರುಗಳ ಮಾರಾಟ ಜೋರು. ನಾನು ಬೆಲ್ಟ್ ಬದಲಾಯಿಸಿದ ಗಾಡಿಯ ಮುಚ್ಚಳದ ಮೇಲೆ ಹಳದಿ ಪೇಂಟಿನಲ್ಲಿ ತಾರೀಖು, ಕಿಲೋಮೀಟರು ಬರೆದು ಕೆಳಗೆ 'ಮಾ' ಎಂದು ಹಾಕುತ್ತಿದ್ದೆ. ಮೂರು ನಾಲ್ಕು ವರ್ಷದಲ್ಲಿ ಅದೇ ಒಂದು ಪದ್ಧತಿಯಾಗಿಬಿಟ್ಟಿತ್ತು. ಕೊಳ್ಳುವವರು ಮೊದಲು ಬಾನೆಟ್ ಎತ್ತಿ 'ಮಾ' ಹುಡುಕುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಕೂಡ ಬೆಲ್ಟಿನ ಕೆಲಸ ಬಂದರೆ ಎಚ್.ಡಿ. ಕೋಟೆ ರಸ್ತೆಗೆ ಹೋಗು ಎಂದು ಕಳಿಸುತ್ತಿದ್ದರು.

ರಘು ಈಗ ಹಳೇ ಕಾರು ಕೊಂಡು ಮಾರುವ ಬ್ರೋಕರ್. ಎಚ್.ಡಿ. ಕೋಟೆಯಲ್ಲಿ ಯಶೋದಮ್ಮ ಎನ್ನುವ ಶಾಲೆಯ ಹೆಡ್‌ಮೇಡಂ ಈ ಕಾರನ್ನು ಒಪ್ಪಿದ್ದರು. ಮುಚ್ಚಳದ ಮೇಲೆ 'ಮಾ' ಇರಬೇಕು, ಹಿರಿಯರೊಬ್ಬರು ಬಂದು ಮಾತು ಕೊಡಬೇಕು, ಎರಡೂ ಇವತ್ತೇ ಸಂಜೆಯೊಳಗೆ ಆಗಬೇಕು, ಇಲ್ಲದಿದ್ದರೆ ನಾಳೆ ಮೈಸೂರಿನ ಬೇರೆ ಗಾಡಿ ನೋಡುತ್ತೇನೆ ಎಂದಿದ್ದರಂತೆ. ಹಿರಿಯರ ಮಾತಿಗೆ ಅಪ್ಪನನ್ನು ಕರೆತಂದಿದ್ದ. 'ಮಾ'ಗಾಗಿ ನನ್ನ ಹತ್ತಿರ ಬಂದಿದ್ದ.

ಮೇಲಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟೆ. ಬೆಲ್ಟನ್ನು ಬೆರಳಲ್ಲಿ ಮಡಿಸಿ ನೋಡಿದೆ. ಬೆನ್ನಿನ ತುಂಬ ಬಿರುಕು, ಅಂಚಿನಲ್ಲಿ ದಾರ ಕಿತ್ತು ಬಂದಿತ್ತು, ಎರಡು ಹಲ್ಲಿನ ಬುಡ ಸೀಳಿತ್ತು.

"ಇದು ಕೋಟೆ ತಲಪಿದ್ರೆ ನಿನ್ ಪುಣ್ಯ" ಎಂದೆ. "ಬದ್ಲಾಯಿಸದೆ ನಾನು ಬರೆಯೋದಿಲ್ಲ."

"ಸರಿ, ಬದ್ಲಾಯಿಸು ಮತ್ತೆ. ಬೇಗ ಆಗ್ಬೇಕು."

"ನಿನ್ ಗಾಡೀನ ನಾನು ಮುಟ್ಟೋದಿಲ್ಲ."

ರಘು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಇನ್ನೂ ಅದುನ್ನೇ ಇಟ್ಕಂಡಿದ್ದೀಯೇನ್ಲಾ? ಆರ್ ವರ್ಸ ಆಯ್ತಲ್ಲೋ."

ಆರು ವರ್ಷದ ಹಿಂದೆ ನಾನು ಕೆ.ಆರ್. ನಗರದಲ್ಲಿ ವೀರಭದ್ರಸ್ವಾಮಿಯವರ ಗ್ಯಾರೇಜಿನಲ್ಲಿದ್ದೆ. ಪುಟ್ಟಸ್ವಾಮಿಯವರು ಆಗ ತಮ್ಮ ಕಾರನ್ನು ಸಾಲಿಗ್ರಾಮದ ಒಬ್ಬರಿಗೆ ಮಾರಲು ಹೊರಟಿದ್ದರು. ನಾನು ನೋಡಿ, ಬೆಲ್ಟ್ ಹೋಗಿದೆ, ಬದಲಾಯಿಸಲೇಬೇಕು ಎಂದಿದ್ದೆ. ಹೊಸ ಬೆಲ್ಟಿಗೆಂದು ಅಪ್ಪ ಕೊಟ್ಟ ಹಣವನ್ನು ರಘು ಖರ್ಚು ಮಾಡಿಕೊಂಡ. ನಮ್ಮ ಗ್ಯಾರೇಜಿನ ಗುಜರಿ ರಾಶಿಯಿಂದ ಯಾವುದೋ ಗಾಡಿಯ ಹಳೇ ಬೆಲ್ಟು ಎತ್ತಿಕೊಂಡು ಹೋದ. ನಮ್ಮ ಕಡೆ ಸಾಮಾನು ಬದಲಾಯಿಸಿದ್ದಕ್ಕೆ ಬಿಲ್ಲು ಕೇಳುವವರಿಲ್ಲ. ಬಿಚ್ಚಿದ ಹಳೇ ಸಾಮಾನನ್ನು ಕೈಗೆ ಕೊಟ್ಟರೆ ಅದೇ ಸಾಕ್ಷಿ. ಕೊಳ್ಳುವವರ ಮುಂದೆ ಅದನ್ನು ಹಿಡಿದು, ನೋಡಿ, ಮಾದೇಶ ಬದಲಾಯಿಸಿಕೊಟ್ಟ ಎಂದ. ಅವರು ನಂಬಿದರು. ಎರಡು ತಿಂಗಳಿಗೆ ಕಾರಿನೊಳಗಿದ್ದ ನಿಜವಾದ ಹಳೇ ಬೆಲ್ಟು ಹರಿಯಿತು. ಸಾಲಿಗ್ರಾಮದವರು ಹತ್ತು ಜನರನ್ನು ಕಟ್ಟಿಕೊಂಡು ಮಿರ್ಲೆಗೆ ಬಂದರು.

ರಘು ನನ್ನ ಹೆಸರು ಹೇಳಿದ. ಹೊಸ ಬೆಲ್ಟು ಮಾದೇಶನ ಕೈಗೇ ಕೊಟ್ಟಿದ್ದೆ, ಅವನು ಕದ್ದು ಮಾರಿಕೊಂಡಿದ್ದಾನೆ ಎಂದ. ನನ್ನನ್ನು ಗ್ಯಾರೇಜಿನಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಪುಟ್ಟಸ್ವಾಮಿಯವರ ಅಂಗಳದಲ್ಲಿ ಊರೇ ನೆರೆದಿತ್ತು. ನಾನು ಬಾಯಿ ತೆರೆದಾಗಲೆಲ್ಲ ಒಬ್ಬೊಬ್ಬರು ಹೊಡೆದರು. ಹರಿದ ಬೆಲ್ಟನ್ನು ಪುಟ್ಟಸ್ವಾಮಿಯವರು ತಮ್ಮ ಕೈಯಾರೆ ನನ್ನ ಕತ್ತಿಗೆ ಹಾಕಿ, ಸರ್ಕಲ್ಲಿನವರೆಗೆ ನಡಿ ಎಂದರು. ನಡೆದೆ. ನಮ್ಮ ಹಿಂದೆಯೇ ಬಂದಿದ್ದ ವೀರಭದ್ರಸ್ವಾಮಿಯವರು ನೋಡುತ್ತ ನಿಂತಿದ್ದರು. ಮಾರನೇ ದಿನ ಗ್ಯಾರೇಜಿಗೆ ಬರಬೇಡ ಎಂದು ಹೇಳಿಕಳಿಸಿದರು. ನನ್ನವ್ವ ಚಿಕ್ಕಬೀರಮ್ಮ ಕೂಲಿ ಬಿಟ್ಟು ಓಡಿ ಬಂದು ಪುಟ್ಟಸ್ವಾಮಿಯವರ ಕಾಲು ಹಿಡಿದಿದ್ದಳು. ನಾನು ಕದ್ದಿಲ್ಲ ಎಂದು ನಂಬಿದ್ದವಳು ಅವಳೊಬ್ಬಳೇ, ಆದರೂ ತಪ್ಪಾಯ್ತು ಬುದ್ದಿ ಎಂದವಳೂ ಅವಳೇ.

"ನೀನೇ ಬದ್ಲಾಯಿಸು" ಎಂದು ರಘುವಿಗೆ ಹೇಳಿದೆ. "ಬೆಲ್ಟು ನಾನು ಕೊಡ್ತೀನಿ, ಪಾನಾ ನಂದು. ಯಾವ ಬೋಲ್ಟು ಅಂತ ಹೇಳ್ತೀನಿ. ಕೈ ನಿಂದು. ಗಾಡಿ ಸ್ಟಾರ್ಟ್ ಆದ್ಮೇಲೆ ಬರೀತೀನಿ."

ರಘು ಅಪ್ಪನ ಕಡೆ ನೋಡಿದ. ಪುಟ್ಟಸ್ವಾಮಿಯವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನೆರಳಲ್ಲಿ ಕೂತು, "ಮಾಡ್ಲಾ, ಅದೇನ್ ಮಹಾ. ಟ್ರ್ಯಾಕ್ಟರ್ ಇಂಜಿನ್ನು ಬಿಚ್ಚಲ್ವಾ ನೀನು" ಎಂದರು.

"ನಿನ್ ಸೇಡು ಇಷ್ಟೇನಾ?" ಎಂದು ರಘು ತೋಳು ಮಡಿಸಿದ. "ಅಂಗಿ ಕೊಳೆ ಮಾಡ್ಸೋದು?"

ಇಷ್ಟೇ ಆಗಿರಲಿಲ್ಲ. ಪುಟ್ಟಸ್ವಾಮಿಯವರು ಮಗನನ್ನು ನಂಬಿ ಮೋಸ ಹೋದವರೆಂದೇ ನಾನು ತಿಳಿದಿದ್ದೆ. ಗಾಡಿ ಅರ್ಧ ಬಿಚ್ಚಿದ ಮೇಲೆ, ಹಿಂದಕ್ಕೂ ಮುಂದಕ್ಕೂ ಹೋಗಲಾರದ ಜಾಗದಲ್ಲಿ, ರಘುವಿನ ಬಾಯಿಂದ ನಿಜ ಹೊರಡಿಸಬೇಕು. ತನ್ನ ಮಗನೇ ಕಳ್ಳ, ತಾನು ನಿರಪರಾಧಿಯ ಕತ್ತಿಗೆ ಬೆಲ್ಟು ಹಾಕಿದೆ ಎಂದು ತಿಳಿದು ಪುಟ್ಟಸ್ವಾಮಿಯವರು ತಲೆ ತಗ್ಗಿಸುವುದನ್ನು ನೋಡಬೇಕು. ಅದು ಆದರೆ ಗಾಡಿ ಸರಿಮಾಡಿ, 'ಮಾ' ಬರೆದು ಕಳಿಸುವುದು. ಆಗದಿದ್ದರೆ ಬಿಚ್ಚಿದ ಸಾಮಾನನ್ನು ಗೋಣಿಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿ ಕಳಿಸುವುದು. ನನ್ನ ಲೆಕ್ಕ ಅಷ್ಟಿತ್ತು.

ನನಗೆ ಎರಡು ಗಂಟೆಯ ಕೆಲಸ ಅವನಿಗೆ ನಾಲ್ಕು ಗಂಟೆ ಹಿಡಿಯಿತು. ಜಾಕ್ ಹಾಕಿ ಬಲಗಡೆಯ ಮುಂಚಕ್ರ ಬಿಚ್ಚಿದ. ಇಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟ. ಒಂದು ಬೋಲ್ಟು ಬಿಗಿಯಾಗಿತ್ತು. ಪಾನಾ ಜಾರಿ ಗೆಣ್ಣಿನ ಚರ್ಮ ಕಿತ್ತು ಬಂತು. "ಎಡಕ್ಕೆ ಕಣ, ಬಲಕ್ಕಲ್ಲ" ಎಂದು ನಾನು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದೆ. ಅಕ್ಕಪಕ್ಕದ ಪಂಕ್ಚರ್ ಅಂಗಡಿಯವನು, ವೆಲ್ಡಿಂಗ್‌ನವರು ಬಂದು ನಿಂತರು.

"ಏನ್ ಮಾದೇಶಣ್ಣ, ಟ್ರೈನಿಂಗ್ ಸೆಂಟರ್ ಸುರು ಮಾಡಿದ್ರಾ?" ಎಂದು ಪಂಕ್ಚರ್‌ನವನು ಕೇಳಿದ.

"ಅಂಗಿ ನೋಡಿದ್ರೆ ಮದ್ವೆ ಗಂಡು ಇದ್ದಂಗೈತೆ" ಎಂದ ವೆಲ್ಡಿಂಗ್‌ನವ.

ಪಿರಿಯಾಪಟ್ಟಣದ ಸ್ಕೂಲ್ ವ್ಯಾನಿನ ಚನ್ನಬಸವಣ್ಣ ಕೂಡ ಅಲ್ಲಿದ್ದ. ಅವನ ವ್ಯಾನಿನ ಬೆಲ್ಟಿನ ಕೆಲಸಕ್ಕೆ ಅಂದು ಬೆಳಿಗ್ಗೆಯೇ ಬಂದು ಸರದಿ ಕಾಯುತ್ತಿದ್ದ. ಐದು ವರ್ಷದಿಂದ ನನ್ನ ಕೆಲಸ ಪಕ್ಕದಲ್ಲಿ ನಿಂತು ನೋಡಿದವನು. ಯಾವುದಾದ ಮೇಲೆ ಯಾವುದು ಎಂದು ಅವನಿಗೂ ಬಾಯಿಪಾಠ. ತುಸು ಹೊತ್ತು ನೋಡಿ, "ಇದು ಮುಗಿಯೋ ಕತೆ ಅಲ್ಲ ಬುಡಿ, ಸಂತೆ ಕಡೆ ವೋಗ್ಬತ್ತೀನಿ" ಎಂದು ವ್ಯಾನಿನ ಕೀ ಗೋಡೆಯ ಮೊಳೆಗೆ ಸಿಕ್ಕಿಸಿ ಹೊರಟ.

ಒಂದು ಗಂಟೆಗೆ ಅವ್ವ ಊಟದ ಕ್ಯಾರಿಯರ್ ಹಿಡಿದು ಬಂದಳು. ಕುರ್ಚಿಯಲ್ಲಿ ಕೂತವರನ್ನು ನೋಡಿದ್ದೇ ತಡ, ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಭುಜ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ನಿಂತಳು.

"ಚೆನ್ನಾಗಿದ್ದೀಯಾ ಚಿಕ್ಕಬೀರಿ?" ಎಂದರು ಪುಟ್ಟಸ್ವಾಮಿ.

"ಊ ಬುದ್ದಿ" ಎಂದಳು ಅವ್ವ.

ಆರು ವರ್ಷವಾದರೂ ಆ 'ಬುದ್ದಿ' ಹೋಗಿರಲಿಲ್ಲ. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಅವರ ಮೇಲೂ ಬರಲಿಲ್ಲ. "ಒಳಗ್ ವೋಗವ್ವ" ಎಂದು ಗದರಿದೆ. ಅವಳು ಒಳಗೆ ಹೋಗಲಿಲ್ಲ. ಟೈರುಗಳ ಹತ್ತಿರ ಕೂತು ರಘುವಿನ ಬೆನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ರಘು ಬೆಲ್ಟನ್ನು ಬಿಗಿ ಹಿಡಿಯುವ ಗಾಲಿ ಸಡಿಲಿಸಿದ್ದ. ಹಳೇ ಬೆಲ್ಟು ಕಳಚಿ ಬಂತು. ಅದು ಕಳಚಿದ ಕೂಡಲೇ ವಾಲ್ವುಗಳನ್ನು ಆಡಿಸುವ ಮೇಲಿನ ಹಲ್ಲುಗಾಲಿ, ಅಂದರೆ ಪುಲ್ಲಿ, ಒಳಗಿನ ಸ್ಪ್ರಿಂಗುಗಳ ಒತ್ತಡಕ್ಕೆ ಜಿಗಿದು ಒಂದಿಷ್ಟು ತಿರುಗಿಬಿಟ್ಟಿತು. ಅದು ಹಾಗೆ ತಿರುಗಿಯೇ ತಿರುಗುತ್ತದೆ. ರಘು ಮಾತ್ರ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ.

"ಇದೇನ್ಲಾ ಇದು? ಈಗೇನ್ ಮಾಡ್ಬೇಕು?"

"ಹೇಳ್ತೀನಿ. ಮೊದ್ಲು ನೀನೊಂದು ಹೇಳು" ಎಂದೆ. "ಆವತ್ತು ಬೆಲ್ಟು ಏನಾಯ್ತು?"

ರಘು ಗಾಡಿಯ ಅಡಿಯಿಂದ ನನ್ನನ್ನು ನೋಡಿದ. ಹಣೆಯಲ್ಲಿ ಗ್ರೀಸು ಮೆತ್ತಿತ್ತು. ಅಂಗಿಯ ಬಿಳಿ ಎಲ್ಲಿತ್ತೆಂದು ಹುಡುಕಬೇಕಿತ್ತು. ಜೇಬಿನ ಒಂದು ಮೊಬೈಲು ಮೂರನೇ ಸಲ ಬಡಿದುಕೊಂಡು ಸುಮ್ಮನಾಯಿತು. ಯಶೋದಮ್ಮನವರದ್ದೇ ಇರಬೇಕು.

"ಯಾವತ್ತು?"

"ಗೊತ್ತಿಲ್ವಾ? ಸರಿ. ಮುಂದಿಂದೂ ನೀನೇ ನೋಡ್ಕೊ."

ನಾನು ಸ್ಟೂಲಿನಿಂದ ಎದ್ದೆ.

"ಏಯ್, ನಿಂತ್ಕಳ್ಳೋ!" ಎಂದು ರಘು ಕೂಗಿದ. ಪಂಕ್ಚರ್‌ನವನು, ವೆಲ್ಡಿಂಗ್‌ನವರು ಈ ಕಡೆ ತಿರುಗಿದರು. ರಘು ಒಮ್ಮೆ ಅಪ್ಪನ ಕಡೆ ನೋಡಿ, ನೆಲ ನೋಡಿಕೊಂಡು ಹೇಳಿಬಿಟ್ಟ. "ಯಾವ ಬೆಲ್ಟೂ ತಂದಿರ್ನಿಲ್ಲ ಕಣ. ದುಡ್ಡು ನಾನೇ ಇಟ್ಕಂಡೆ. ಗುಜರಿಯಿಂದ ಒಂದ್ ಎತ್ಕಂಡೋಗಿ ತೋರುಸ್ದೆ. ನೀನು ಕದೀನಿಲ್ಲ. ಸಾಕಾ? ಈಗ್ ಹೇಳು."

ನಾನು ಪುಟ್ಟಸ್ವಾಮಿಯವರ ಮುಖ ನೋಡಿದೆ. ಈ ಒಂದು ನೋಟಕ್ಕಾಗಿ ಬೆಳಗಿನಿಂದ ಕಾದಿದ್ದೆ.

ಅವರು ಎಲೆಗೆ ಸುಣ್ಣ ಸವರುತ್ತಿದ್ದರು. ಸವರಿ ಮುಗಿಸಿ, ಅಡಿಕೆ ಇಟ್ಟು ಮಡಿಸಿ ಬಾಯಿಗೆ ಹಾಕಿಕೊಂಡರು.

"ಅದ್ನೇನ್ ಅವನ್ ಬಾಯಲ್ಲಿ ಕೇಳೋದು" ಎಂದರು. "ನಂಗೆ ಗೊತ್ತಿತ್ತು."

"ಯಾವಾಗ ಗೊತ್ತಾಯ್ತು?" ಎಂದೆ.

"ಆವತ್ತೇಯ. ನಿನ್ ಕತ್ತಿಗೆ ಹಾಕ್ವಾಗ್ಲೇ ಗೊತ್ತಿತ್ತು. ಇವನ ಮಖ ನೋಡಿದ್ರೆ ತಿಳೀನಿಲ್ವಾ? ಆದ್ರೆ ಸಾಲಿಗ್ರಾಮದೋರು ಬಂದು ಕೂತವ್ರೆ, ಅಷ್ಟು ಜನ ಸೇರವ್ರೆ. ಯಾರ್ ಕತ್ತಿಗಾದ್ರೂ ಹಾಕ್ಲೇಬೇಕಿತ್ತು. ಮಗನ್ ಕತ್ತಿಗೆ ಹಾಕೋಕಾಯ್ತದಾ?" ಪಕ್ಕಕ್ಕೆ ತಿರುಗಿ ಉಗುಳಿದರು. "ನಿಂಗೇನ್ ಲುಕ್ಸಾನಾಯ್ತು, ಒಳ್ಳೇದೇ ಆಯ್ತಲ್ಲ. ಅಲ್ಲೇ ಇದ್ದಿದ್ರೆ ಇನ್ನೂ ವೀರಭದ್ರಸ್ವಾಮಿ ಕೈ ಕೆಳಗೇ ಬಿದ್ದಿರ್ತಿದ್ದೆ. ಈಗ ಸ್ವಂತ ಸೆಡ್ಡು, ಬೋರ್ಡು, ಎಲ್ಲಾ ಆಗೈತೆ. ನಮ್ಮಿಂದ್ಲೇ ಅನ್ಕೊ."

ವೆಲ್ಡಿಂಗ್‌ನವನೊಬ್ಬ ಹಲ್ಲು ಕಿರಿದ. ಅವ್ವ ನೆಲ ನೋಡುತ್ತಿದ್ದಳು. ಆಕೆ ಅಂದು ಹಿಡಿದ ಕಾಲುಗಳು ಅಲ್ಲೇ ಕುರ್ಚಿಯ ಕೆಳಗೆ, ಒಂದರ ಮೇಲೊಂದು, ಅಲ್ಲಾಡುತ್ತಿದ್ದವು.

ಅವರು ಮೋಸ ಹೋದವರು ಎಂದುಕೊಂಡಿದ್ದಷ್ಟು ದಿನ ನನ್ನ ಸಿಟ್ಟಿಗೆ ಒಂದು ಮಿತಿಯಿತ್ತು. ನಿಜ ಗೊತ್ತಾದರೆ ಇಬ್ಬರಲ್ಲಿ ಒಬ್ಬನಾದರೂ ನಾಚುತ್ತಾನೆ ಎಂದಿದ್ದೆ. ನಾಚಲು ಅಲ್ಲಿ ಯಾರೂ ಇರಲಿಲ್ಲ. ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ.

"ಹೊಸ ಬೆಲ್ಟು ತಗೊ" ಎಂದು ರಘುವಿಗೆ ಕೊಟ್ಟೆ.

ಪುಲ್ಲಿಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಕಂಪನಿಯವರೇ ಪ್ರತಿಯೊಂದರ ಮೇಲೂ ಒಂದು ಗೀರು ಕೊರೆದಿರುತ್ತಾರೆ. ಹಳೇ ಗಾಡಿಯಲ್ಲಿ ಅದರ ಮೇಲೆ ಜಿಡ್ಡು ಕೂತು ಕಾಣುವುದಿಲ್ಲ. ಅದಕ್ಕೇ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಿಚ್ಚುವ ಮುಂಚೆ ವೈಟ್ನರ್‌ನಿಂದ ಚುಕ್ಕಿ ಇಡುವ ರೂಢಿ. ಕಚೇರಿಯಲ್ಲಿ ತಪ್ಪು ಬರೆದದ್ದನ್ನು ಅಳಿಸಲು ಹಚ್ಚುತ್ತಾರಲ್ಲ, ಅದೇ. ಕೆಲಸ ಮುಗಿದ ಮೇಲೆ ಒರೆಸುವುದಿಲ್ಲ. ಹಳೇ ಗಾಡಿ ನಾಲ್ಕು ಕೈ ದಾಟುವ ಹೊತ್ತಿಗೆ ನಾಲ್ಕು ಕಡೆ ಚುಕ್ಕಿ ಇರುತ್ತದೆ. ಯಾರು, ಯಾವಾಗ, ಯಾತಕ್ಕೆ ಇಟ್ಟರೋ ದೇವರಿಗೇ ಗೊತ್ತು. ನಾನು ಚುಕ್ಕಿಯನ್ನು ನಂಬುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಗೀರು ಹುಡುಕುತ್ತೇನೆ.

"ಚುಕ್ಕಿ ಐತೆ ಇಲ್ಲಿ, ಬಿಳೇದು" ಎಂದ ರಘು. "ಇದುಕ್ಕೆ ಸರಿಯಾಗಿ ನಿಲ್ಲುಸ್ಬೇಕಲ್ವಾ? ನಮ್ ಟ್ರ್ಯಾಕ್ಟರ್‌ನಾಗೂ ಇಂಗೇಯ."

ಮೇಲಿನ ಪುಲ್ಲಿಯ ನಿಜವಾದ ಗೀರು ಆ ಚುಕ್ಕಿಯಿಂದ ನಾಲ್ಕು ಹಲ್ಲು ಆಚೆ, ಜಿಡ್ಡಿನ ಕೆಳಗಿತ್ತು. ಕೂತ ಜಾಗದಿಂದಲೇ ನನಗೆ ಗೊತ್ತಾಯಿತು. ಸಾವಿರ ಸಲ ನೋಡಿದ್ದೆ. ಸೀಮೆಎಣ್ಣೆಯ ಬಟ್ಟೆ ನನ್ನ ತೊಡೆಯ ಮೇಲೇ ಇತ್ತು.

"ನಿಲ್ಸು" ಎಂದೆ.

ಅವನು ನಿಲ್ಲಿಸಿದ. ಬೆಲ್ಟು ಏರಿಸಿದ, ಗಾಲಿ ಬಿಗಿದ. ಮುಚ್ಚಳ ಹಾಕುವ ಮುಂಚೆ ಇನ್ನೊಂದು ಕೆಲಸ ಇರುತ್ತದೆ. ಕೆಳಗಿನ ಪುಲ್ಲಿಯ ಬೋಲ್ಟಿಗೆ ಪಾನಾ ಕೊಟ್ಟು ಇಂಜಿನ್ನನ್ನು ಕೈಯಲ್ಲಿ ಮೆಲ್ಲಗೆ ಎರಡು ಸುತ್ತು ತಿರುಗಿಸಬೇಕು. ಜೋಡಣೆ ತಪ್ಪಿದ್ದರೆ ವಾಲ್ವು ಪಿಸ್ಟನ್ನಿಗೆ ತಾಗಿ ಪಾನಾ ಅಲ್ಲೇ ನಿಲ್ಲುತ್ತದೆ, ಏನೂ ಹಾಳಾಗುವುದಿಲ್ಲ. ಬಿಚ್ಚಿ ಮತ್ತೆ ಜೋಡಿಸಬಹುದು. ನನ್ನ ಕೈಯಲ್ಲಿ ಹಾದುಹೋದ ಒಂದು ಗಾಡಿಗೂ ಈ ಎರಡು ಸುತ್ತು ತಪ್ಪಿರಲಿಲ್ಲ. ಮಾತಿಗಿಂತ ಪೇಂಟಿಗಿಂತ ನನ್ನ ಹೆಸರು ನಿಂತಿದ್ದು ಆ ಎರಡು ಸುತ್ತಿನ ಮೇಲೆ.

ರಘು ಮುಚ್ಚಳ ಹಾಕಿದ, ಚಕ್ರ ಕೂರಿಸಿದ, ಜಾಕ್ ಇಳಿಸಿದ. ಸೊಂಟ ಹಿಡಿದುಕೊಂಡು ಎದ್ದು ನಿಂತು ನನ್ನನ್ನು ಕೇಳಿದ.

"ಸರಿ ಐತಾ?"

ಆ ಪ್ರಶ್ನೆಗೆ ನಾನು ಯಾರಿಗೂ ಸುಳ್ಳು ಉತ್ತರ ಕೊಟ್ಟಿರಲಿಲ್ಲ. ಕೊಡುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

"ಸರಿ ಐತೆ" ಎಂದೆ. "ಕೀ ತಿರುಗ್ಸು."

ಪುಟ್ಟಸ್ವಾಮಿಯವರು ಎದ್ದು ಪಂಚೆ ಕೊಡವಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ರಘು ಸ್ಟೇರಿಂಗಿನ ಹಿಂದೆ ಕೂತು, ಕೀ ತಿರುಗಿಸಿದ.

ಮೊದಲು ಕಟ್ ಎಂದಿತು. ಸ್ಟಾರ್ಟರ್ ಒಂದು ಕ್ಷಣ ಸಿಕ್ಕಿಕೊಂಡಿತು. ರಘು ಕೀ ಬಿಡಲಿಲ್ಲ. ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಕುಟ್ಟುವ ಸದ್ದು ನಾಲ್ಕೈದು ಸಲ ಒಂದರ ಹಿಂದೊಂದು ಬಂತು. ಆಮೇಲೆ ಇಂಜಿನ್ನು ಎಲ್ಲೂ ತಡೆಯಿಲ್ಲದೆ, ಖಾಲಿ ಡಬ್ಬದ ಹಾಗೆ ಸುಮ್ಮನೆ ತಿರುಗತೊಡಗಿತು. ವಾಲ್ವುಗಳು ಬಾಗಿದ್ದವು. ಪಂಕ್ಚರ್‌ನವನಿಗೂ ಅರ್ಥವಾಯಿತು, ಅವನು ಅಯ್ಯೋ ಎಂದ.

ರಘು ಮತ್ತೆರಡು ಸಲ ಕೀ ತಿರುಗಿಸಿ ಇಳಿದು ಬಂದು ನನ್ನ ಕಾಲರ್ ಹಿಡಿದ. "ಸರಿ ಐತೆ ಅಂದ್ಯಲ್ಲೋ!"

"ಜೋಡ್ಸಿದ್ದು ಯಾರು?" ಎಂದೆ. "ಇಷ್ಟು ಜನ ನೋಡವ್ರೆ. ಯಾರ್ ಕೈ ಅಂತ ಕೇಳು."

ವೆಲ್ಡಿಂಗ್‌ನವರು ಹತ್ತಿರ ಬಂದರು. ರಘು ಸುತ್ತ ನೋಡಿ ಕಾಲರ್ ಬಿಟ್ಟ. ಇದು ಮಿರ್ಲೆಯಲ್ಲ, ಹುಣಸೂರು. ಪುಟ್ಟಸ್ವಾಮಿಯವರು ಕಾರಿನಿಂದ ಇಳಿಯಲೇ ಇಲ್ಲ. ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಎಲೆ ಅಗಿಯುವುದು ನಿಂತಿತ್ತು. ಮೊಬೈಲು ಮತ್ತೆ ಬಡಿದುಕೊಂಡಿತು. ಈ ಸಲ ರಘು ಎತ್ತಿ, "ಮೇಡಂ, ಇವತ್ತು ಆಗಲ್ಲ" ಎಂದ. ಆ ಕಡೆಯಿಂದ ಏನೋ ಹೇಳಿ ಇಟ್ಟುಬಿಟ್ಟರು.

ಕೊನೆಗೆ ಕಬ್ಬಿಣದ ಅಂಗಡಿಯ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು ಹೊರಟರು. ಬಸ್‌ಸ್ಟ್ಯಾಂಡಿನ ಮುಂದೆಯೇ ಹೋಗಬೇಕಿತ್ತು. ನನಗೆ ಸಂತೋಷವಾಯಿತು. ಹೊಟ್ಟೆಯಿಂದ ಬಂದ ಸಂತೋಷ, ಕೈಕಾಲು ಹಗುರಾಗುವಂಥದ್ದು.

ಚನ್ನಬಸವಣ್ಣ ಅದೇ ಹೊತ್ತಿಗೆ ಸಂತೆಯಿಂದ ಬಂದ. ಎಳೆದುಕೊಂಡು ಹೋಗುತ್ತಿದ್ದ ಕಾರನ್ನು ದಾರಿಯಲ್ಲೇ ನೋಡಿದ್ದ. ಪಂಕ್ಚರ್‌ನವನು ಎಲ್ಲ ಹೇಳಿದ. ಚನ್ನಬಸವಣ್ಣ ಕೇಳಿಸಿಕೊಂಡು ನನ್ನ ಹತ್ತಿರ ಬಂದ.

"ಎರಡ್ ಸುತ್ತು ತಿರುಗುಸ್ನಿಲ್ವಾ ಅವ್ನು?"

"ಇಲ್ಲ."

"ನೀವು ಹೇಳ್ನಿಲ್ವಾ?"

"ಇಲ್ಲ."

"ಸರಿ ಐತೆ ಅಂದ್ರಂತೆ?"

"ಅಂದೆ."

ಅವನು ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಮೊಳೆಯಿಂದ ಕೀ ತೆಗೆದುಕೊಂಡು, "ಮಕ್ಳು ಕೂರೋ ಗಾಡಿ ಕಣಣ್ಣ ನಂದು" ಎಂದ. "ಮೈಸೂರ್‌ಗೇ ತಗಂಡೋಯ್ತೀನಿ." ವ್ಯಾನು ತಿರುಗಿಸಿಕೊಂಡು ಹೋದ. ನಾನು ತಡೆಯಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಕೈ ತೊಳೆದು ಊಟಕ್ಕೆ ಕೂತೆ. ಅವ್ವ ಕ್ಯಾರಿಯರ್ ಬಿಚ್ಚಿ ಮುದ್ದೆ ಇಟ್ಟಳು, ಅವರೆಕಾಳು ಸಾರು ಬಿಟ್ಟಳು. ನಾನು ಎರಡು ತುತ್ತು ನುಂಗಿದೆ.

"ಎಳ್ಕಂಡೋಗ್ವಾಗ ಎಷ್ಟ್ ಜನ ನೋಡುದ್ರು?" ಎಂದು ಕೇಳಿದಳು.

ನಾನು ಮನಸ್ಸಿನಲ್ಲೇ ಎಣಿಸಿದೆ. ಪಂಕ್ಚರ್‌ನವನು, ವೆಲ್ಡಿಂಗ್‌ನ ಮೂವರು, ಟ್ರ್ಯಾಕ್ಟರಿನವನು, ಚನ್ನಬಸವಣ್ಣ.

"ಇಲ್ಲಿ ಆರ್ ಜನ. ಬಸ್‌ಸ್ಟ್ಯಾಂಡಲ್ಲಿ ಇನ್ನೊಂದಷ್ಟು ಇರ್ಬೋದು."

"ಅಷ್ಟೇನಾ" ಎಂದು ಅವ್ವ ಸಾರಿನ ಸೌಟನ್ನು ಒರೆಸಿ ಇಟ್ಟಳು. "ಆವತ್ತು ಇಡೀ ಊರಿತ್ತು ಕಣ್ ಮಗ."